ನಗುವಿಗೆ ಜಾಗ ಬಿಡುವ ಮದ್ದಲೆ

ಮಾತಿಲ್ಲದ ಹಾಸ್ಯಚಿತ್ರ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸಿಂಗೀತಂ ಶ್ರೀನಿವಾಸರಾವ್ ಅವರ ‘ಪುಷ್ಪಕ ವಿಮಾನ’ (1987). ಅಲ್ಲಿ ಪಾತ್ರಗಳು ಮಾತಾಡುವುದಿಲ್ಲ, ನಿಜ. ಆದರೆ ಸುತ್ತಲಿನ ಸದ್ದು, ಹಿನ್ನೆಲೆ ಸಂಗೀತ ಎಲ್ಲವೂ ರೀಲಿನಲ್ಲೇ ಇವೆ. ಹಳೆಯ ಮೂಕಿ ಚಿತ್ರಗಳ ಜಾತಿಯೇ ಬೇರೆ. ಸದ್ದು ಥಿಯೇಟರಿನೊಳಗೆ ಆಗಿಂದಾಗ ಹುಟ್ಟಬೇಕಿತ್ತು. ಅಮೆರಿಕದಲ್ಲಾದರೆ ಪಿಯಾನೊ, ಆರ್ಗನ್ ಅಥವಾ ಇಡೀ ವಾದ್ಯವೃಂದ. ನಮ್ಮ ದೇಶದಲ್ಲಿ ಪರದೆಯ ಪಕ್ಕ ಕೂತ ಹಾರ್ಮೋನಿಯಂ, ತಬಲಾ.

ಈಗ ಈ ಚಿತ್ರಗಳನ್ನು ನಾವು ಮೊಬೈಲಿನಲ್ಲಿ ನೋಡುತ್ತೇವೆ, ಒಬ್ಬೊಬ್ಬರೇ. ಯಾರೋ ಅಂಟಿಸಿದ ಪಿಯಾನೊ ಆರಂಭದಿಂದ ಕೊನೆಯವರೆಗೆ ಒಂದೇ ಸಮನೆ ಓಡುತ್ತಿರುತ್ತದೆ. ಐದು ನಿಮಿಷದಲ್ಲಿ ‘ಸ್ವಲ್ಪ ಸ್ಲೋ ಅಲ್ವಾ?’ ಅನ್ನಿಸುತ್ತದೆ. ನನ್ನ ಪ್ರಕಾರ ಅದು ಚಿತ್ರದ ನಿಧಾನವಲ್ಲ, ನಗುವಿಗೆಂದು ಬಿಟ್ಟ ಜಾಗ. ಹೆರಾಲ್ಡ್ ಲಾಯ್ಡ್, ಬಸ್ಟರ್ ಕೀಟನ್ ಮುಂತಾದವರು ಬಿಡುಗಡೆಗೆ ಮೊದಲೇ ಚಿತ್ರವನ್ನು ಜನರ ಮುಂದಿಟ್ಟು, ಎಲ್ಲಿ ನಗು ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ನೋಡಿ ತಿದ್ದುತ್ತಿದ್ದರು. ತುಂಬಿದ ಸಭೆಯ ನಗು ತಗ್ಗುವಷ್ಟು ಹೊತ್ತು ಆ ದೃಶ್ಯಗಳ ಲೆಕ್ಕದಲ್ಲೇ ಸೇರಿದೆ. ಒಬ್ಬನೇ ಕೂತು ನೋಡುವವನಿಗೆ ಅದು ಖಾಲಿಯಾಗಿ ಕಾಣದೆ ಇನ್ನೇನು?

ಇದನ್ನು ಪರೀಕ್ಷಿಸುವ ಸಂದರ್ಭ ನಾವುಂದದ ನಮ್ಮ ಮನೆಯಂಗಳದಲ್ಲೇ ಒದಗಿತು. ಬಿಳಿ ಪಂಚೆ ಕಟ್ಟಿ, ಕೀಟನ್‌ನ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ (1928) ಚಿತ್ರವನ್ನು ಸದ್ದು ತೆಗೆದು ಹಾಕಿದೆವು. ಪಕ್ಕದಲ್ಲಿ ಇಬ್ಬರು ಹವ್ಯಾಸಿಗಳು, ಒಬ್ಬರದು ಮದ್ದಲೆ, ಇನ್ನೊಬ್ಬರದು ಚೆಂಡೆ. ಯಕ್ಷಗಾನ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಿದವರಲ್ಲ.

ಅಪ್ಪ ಮಗನಿಗೆ ಟೋಪಿ ಕೊಡಿಸುವ ದೃಶ್ಯ ಚೆನ್ನಾಗಿ ಕೂತಿತು. ಕೀಟನ್ ಕನ್ನಡಿ ನೋಡುವವನಂತೆ ನಮ್ಮನ್ನೇ ನೋಡುತ್ತಾ ಒಂದಾದ ಮೇಲೊಂದು ಟೋಪಿ ಹಾಕಿ ತೆಗೆಯುತ್ತಾನೆ. ಮುಖದಲ್ಲಿ ನಗುವಿಲ್ಲ. ಮದ್ದಲೆಯವರು ಪ್ರತಿ ಟೋಪಿಗೂ ಒಂದೊಂದು ಪೆಟ್ಟು ಹಾಕಲಿಲ್ಲ. ನಡೆಯನ್ನು ಮಾತ್ರ ಹಿಡಿದು, ಅವನು ತಡೆದಲ್ಲಿ ತಾವೂ ತಡೆದರು. ಆ ತಡೆಯೊಳಗೆ ಅಂಗಳ ನಕ್ಕಿತು.

ಬಿರುಗಾಳಿಯ ದೃಶ್ಯದಲ್ಲಿ ಕೆಟ್ಟಿತು. ಕರಾವಳಿಯವರಿಗೆ ಗಾಳಿ ಮಳೆ ಹೊಸತಲ್ಲ. ಚೆಂಡೆಯವರು ಹುರುಪಿನಿಂದ ಏರಿಸುತ್ತಲೇ ಹೋದರು. ಇಡೀ ಮನೆಯ ಮುಂಗೋಡೆ ಕೀಟನ್ ಮೇಲೆ ಬೀಳುತ್ತದೆ. ಅವನು ನಿಂತ ಜಾಗಕ್ಕೆ ಸರಿಯಾಗಿ ಮೇಲಿನ ಕಿಟಕಿಯ ಕಂಡಿ ಬಂದು ಕೆಲವೇ ಇಂಚುಗಳಲ್ಲಿ ಬದುಕುತ್ತಾನೆ. ಅದು ಟ್ರಿಕ್ಕಲ್ಲ, ನಿಜವಾಗಿ ಬಿದ್ದ ಗೋಡೆ. ಆದರೆ ಆ ಅಬ್ಬರದಲ್ಲಿ ಗೋಡೆ ಬಿದ್ದದ್ದೇ ಗೊತ್ತಾಗಲಿಲ್ಲ. ಮಕ್ಕಳು ‘ಇನ್ನೊಂದ್ಸಲ’ ಎಂದು ಹಟ ಹಿಡಿದಾಗ ಹಿಂದಕ್ಕೆ ಹೋಗಿ ಹಾಕಿದೆವು. ಈ ಬಾರಿ ಗೋಡೆ ವಾಲುವ ಮೊದಲೇ ಚೆಂಡೆ ನಿಂತಿತು. ಗೋಡೆ ಬೀಳುವುದು ಎಲ್ಲರಿಗೂ ಗೊತ್ತಿದ್ದರೂ ಒಂದು ಕ್ಷಣ ಯಾರೂ ಉಸಿರಾಡಲಿಲ್ಲ. ಆಮೇಲೆ ಬಂದ ನಗು ಮೊದಲಿನದರ ಎರಡರಷ್ಟಿತ್ತು.

ಮುಗಿದ ಮೇಲೆ ಮದ್ದಲೆಯವರ ದೂರು ಒಂದೇ: “ಅವ ನಮ್ ಬದಿಗ್ ಕಾಂಬುದೇ ಇಲ್ಲ ಮಾರಾಯ್ರೆ!” ಬಹಳ ಸರಿಯಾದ ವಿಮರ್ಶೆ. ಯಕ್ಷಗಾನದ ಹಾಸ್ಯಗಾರ ಹಿಮ್ಮೇಳದ ಕಡೆ ನೋಡುತ್ತಾನೆ, ಭಾಗವತರನ್ನೇ ಮಾತಿಗೆಳೆಯುತ್ತಾನೆ, ಜನ ನಕ್ಕರೆ ಕಾಯುತ್ತಾನೆ. ಕೀಟನ್ ಕಾಯುವುದಿಲ್ಲ. 1928ರಲ್ಲಿ ನಡೆದ ವೇಗದಲ್ಲೇ ಇಂದೂ ನಡೆಯುತ್ತಾನೆ. ಹಾಗಾಗಿ ಬದಲಾಗದ ಚಿತ್ರಕ್ಕೂ ಪ್ರತಿ ರಾತ್ರಿ ಬದಲಾಗುವ ಸಭೆಗೂ ನಡುವೆ ಜೀವಂತವಾಗಿ ಇರುವವನು ವಾದ್ಯಗಾರ ಒಬ್ಬನೇ. ಒಂದು ಕಣ್ಣು ಪರದೆಯ ಮೇಲೆ, ಎರಡು ಕಿವಿ ಜನರ ಕಡೆ. ಚಿತ್ರವನ್ನು ನಿಲ್ಲಿಸಲಾರ, ಕೈ ನಿಲ್ಲಿಸಬಲ್ಲ.

ಚಾಪ್ಲಿನ್ ಇದನ್ನು ಬಲ್ಲವನು. ಟಾಕಿ ಬಂದ ಮೇಲೂ ಮಾತಿಲ್ಲದೆ ತೆಗೆದ ‘ಸಿಟಿ ಲೈಟ್ಸ್’ (1931) ಚಿತ್ರಕ್ಕೆ ತಾನೇ ಸಂಗೀತ ಹೆಣೆದು ಮುದ್ರಿಸಿದ. ಅಂಥ ಚಿತ್ರಕ್ಕೂ ಇಂದು ಮುದ್ರಿತ ಸಂಗೀತ ತೆಗೆದು ವಾದ್ಯವೃಂದ ಕೂರಿಸಿ ತೋರಿಸುತ್ತಾರೆಂದರೆ ಅದು ಬರೀ ಹಳೆಯದರ ಮೋಹವಲ್ಲ. ಮುದ್ರಿತ ಸಂಗೀತಕ್ಕೆ ಸಭೆಯ ನಗು ಕೇಳಿಸುವುದಿಲ್ಲ.

ಈ ಮಾತು ನಮ್ಮ ಆಟಕ್ಕೂ ತಾಗುತ್ತದೆ. ಕುಂಜಾಲು ರಾಮಕೃಷ್ಣರಂಥ ಹಾಸ್ಯಗಾರರ ಹೆಸರೆತ್ತಿದರೆ ನಮ್ಮ ಕಡೆಯ ಹಿರಿಯರ ಮುಖ ಈಗಲೂ ಅರಳುತ್ತದೆ. ದೂತನಾಗಿಯೋ ರಜಕನಾಗಿಯೋ ಬರುವ ಹಾಸ್ಯಗಾರನ ಅರ್ಧ ಕಸುಬು ನಡಿಗೆಯಲ್ಲಿ, ನಿಲ್ಲುವುದರಲ್ಲಿ, ಸುಮ್ಮನೆ ನೋಡುವುದರಲ್ಲಿ ಇದೆ. ಮೈಕು, ಅಬ್ಬರದ ಚೆಂಡೆ, ಮಾತಿನ ಚಟಾಕಿಗಳ ನಡುವೆ ಮೊದಲು ಸಾಯುವುದು ಆ ಅರ್ಧವೇ. ಹೊಸದಾಗಿ ಮದ್ದಲೆ ಕಲಿಯುವ ಹುಡುಗರನ್ನು ಒಂದು ರಾತ್ರಿ ಕೀಟನ್ ಮುಂದೆ ಕೂರಿಸಬೇಕು. ಯಾವಾಗ ಬಾರಿಸಬೇಕೆಂದು ಕಲಿಸಲು ಗುರುಗಳಿದ್ದಾರೆ. ಯಾವಾಗ ಕೈ ಕಟ್ಟಿ ಕೂರಬೇಕೆಂದು ಬೀಳುವ ಆ ಗೋಡೆ ಕಲಿಸುತ್ತದೆ.