ಡ್ರಿಲ್ ಮೇಷ್ಟ್ರಾಗಲು ಒಲ್ಲದವರು

ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ ಚನ್ನಪಟ್ಟಣ ಹಾಯುವವರು ಬೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲಿಸುತ್ತಾರೆ. ಆಲೆ ಮರದ ಬುಗುರಿಯನ್ನೋ, ಅರಗಿನ ಬಣ್ಣ ಮಿರುಗುವ ಗಿಲಕಿಯನ್ನೋ ಚೌಕಾಸಿ ಮಾಡಿ ಕೊಂಡು ಮುಂದಕ್ಕೆ ಹೋಗುತ್ತಾರೆ. ಇದೇ ಊರಿನ ಸರ್ಕಾರಿ ಶಾಲೆಗೆ 1930ರ ದಶಕದ ಆಸುಪಾಸಿನಲ್ಲಿ ಒಬ್ಬ ಹೊಸ ಮೇಷ್ಟ್ರು ಬಂದಿದ್ದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಆಗಷ್ಟೇ ಬಿ.ಎ. ಮುಗಿಸಿದ ಹುಡುಗ. ಅಪ್ಪ ಮೈಸೂರಿನ ಹೆಸರಾಂತ ಹೆಡ್‌ಮಾಸ್ತರು, ಹಾಗಾಗಿ ಮಗನಿಗೂ ಅದೇ ದಾರಿ ಎಂದು ಮನೆಯವರ ಲೆಕ್ಕ. ಶಾಲೆಯ ಡ್ರಿಲ್ ಮೇಷ್ಟ್ರ ಬದಲಿಗೆ ನೀವು ಮೈದಾನದಲ್ಲಿ ನಿಲ್ಲಿ ಎಂದು ಇಲ್ಲಿನ ಹೆಡ್‌ಮಾಸ್ತರು ಹೇಳಿದರು. ಹೊಸ ಮೇಷ್ಟ್ರು ಒಲ್ಲೆ ಎಂದು ಕೆಲಸವನ್ನೇ ಬಿಟ್ಟು ಮೈಸೂರಿಗೆ ಹೊರಟುಹೋದರು. ಅವರೇ ಆರ್.ಕೆ. ನಾರಾಯಣ್.

ನಾರಾಯಣರ ಬದುಕು ಬರೆದವರು ಈ ಪ್ರಸಂಗವನ್ನು ಒಂದು ನಗುವಿನಲ್ಲಿ ಮುಗಿಸಿ ಮುಂದಕ್ಕೆ ಹೋಗುತ್ತಾರೆ. ಅವರ ಆತ್ಮಕಥನ 'ಮೈ ಡೇಸ್' (1974) ಕೂಡ ಅದನ್ನು ತಮಾಷೆಯಾಗಿಯೇ ಹೇಳುತ್ತದೆ. ನನಗೆ ಮಾತ್ರ ಅದು ಬರೀ ತಮಾಷೆಯಾಗಿ ಕಾಣುವುದಿಲ್ಲ. 1935ರಲ್ಲಿ ಬಂದ ಅವರ ಮೊದಲ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಓದಿದವರು ಒಮ್ಮೆ ನೆನಪು ಮಾಡಿಕೊಳ್ಳಿ. ಸ್ವಾಮಿನಾಥನೆಂಬ ಆ ಹುಡುಗ ಒಂದಲ್ಲ, ಎರಡು ಶಾಲೆ ಬಿಡುತ್ತಾನೆ. ಮೊದಲನೆಯದು ಆಲ್ಬರ್ಟ್ ಮಿಷನ್ ಶಾಲೆ. ಚಳವಳಿಯ ದಿನ ಕಿಟಕಿ ಗಾಜು ಒಡೆದದ್ದರ ಬಾಬತ್ತು ಅದು. ಎರಡನೆಯದು ಬೋರ್ಡ್ ಶಾಲೆ. ಅಲ್ಲಿ ಅವನಿಗೆ ಮುಳುವಾಗುವುದು ಡ್ರಿಲ್ ತರಗತಿ. ಕ್ರಿಕೆಟ್ ಅಭ್ಯಾಸಕ್ಕೆ ಹೊತ್ತು ಸಾಲದೆ ಸ್ವಾಮಿ ಡ್ರಿಲ್ ತಪ್ಪಿಸುತ್ತಾನೆ, ಹೆಡ್‌ಮಾಸ್ತರು ಬೆತ್ತ ಎತ್ತುತ್ತಾರೆ. ಹುಡುಗ ಆ ಬೆತ್ತವನ್ನೇ ಕಿತ್ತು ಕಿಟಕಿಯಿಂದಾಚೆಗೆ ಎಸೆದು ಓಡುತ್ತಾನೆ. ಆಮೇಲಿನದೆಲ್ಲ ಆ ಓಟದ ಫಲ: ಕತ್ತಲು, ಮೆಂಪಿ ಕಾಡಿನ ದಾರಿ, ಕೈತಪ್ಪಿದ ಪಂದ್ಯ, ಗೆಳೆಯ ರಾಜಮನ ಮುನಿಸು.

ಚನ್ನಪಟ್ಟಣದ ಮೈದಾನದಿಂದಲೇ ಆ ಪುಟ ಹುಟ್ಟಿತು ಎಂದು ಸಾಧಿಸುವ ಹಟ ನನಗಿಲ್ಲ. ಆದರೆ ಬರೆದವನು ಮತ್ತು ಅವನು ಬರೆದ ಹುಡುಗ ಇಬ್ಬರೂ ಡ್ರಿಲ್‌ಗೆ ಬೆನ್ನು ತಿರುಗಿಸಿಯೇ ಶಾಲೆ ದಾಟಿದವರು. ಸಾಲಾಗಿ ನಿಲ್ಲು, ಶಿಳ್ಳೆಗೆ ಕಾಲೆತ್ತು ಅಂದಾಗ ವಾದಕ್ಕೆ ನಿಲ್ಲದೆ, ಜಗಳವಾಡದೆ, ಸದ್ದಿಲ್ಲದೆ ಜಾಗ ಖಾಲಿ ಮಾಡುವುದು ನಾರಾಯಣರ ಪಾತ್ರಗಳ ಜಾಯಮಾನ. ಜಾಗ ಬಿಟ್ಟವರು ಬಹುಪಾಲು ವಾಪಸು ಬರುತ್ತಾರೆ. ಅವರ ಹದಿನಾಲ್ಕು–ಹದಿನೈದು ಕಾದಂಬರಿಗಳ ಉದ್ದಕ್ಕೂ ಓಡುವ ಎಳೆ ಅದೇ ಎಂಬುದು ನನ್ನ ಓದು.

'ದಿ ಬ್ಯಾಚುಲರ್ ಆಫ್ ಆರ್ಟ್ಸ್' (1937) ನೋಡಿ. ಸರಯೂ ನದಿ ದಂಡೆಯಲ್ಲಿ ಕಂಡ ಹುಡುಗಿಯನ್ನು ಮದುವೆಯಾಗಲು ಜಾತಕ ಕೂಡಲಿಲ್ಲವೆಂದು ಚಂದ್ರನ್ ತಲೆ ಬೋಳಿಸಿಕೊಂಡು ಸನ್ಯಾಸಿಯಾಗಿ ತಿಂಗಳುಗಟ್ಟಲೆ ಅಲೆಯುತ್ತಾನೆ. ಕೂಪಲ್ ಎಂಬ ಹಳ್ಳಿಯ ಜನ ಅವನನ್ನು ನಿಜವಾದ ಸ್ವಾಮಿಗಳೆಂದು ನಂಬಿ ಹಾಲು–ಹಣ್ಣು ತಂದಿಟ್ಟಾಗ ನಾಚಿಕೆಯಾಗಿ ಮನೆಗೆ ಮರಳುತ್ತಾನೆ. ಇಪ್ಪತ್ತೊಂದು ವರ್ಷಗಳಾದ ಮೇಲೆ ಬಂದ 'ದಿ ಗೈಡ್' (1958) ಈ ಕೂಪಲ್ ಹಳ್ಳಿಯ ಪುಟಗಳನ್ನು ಹಿಗ್ಗಿಸಿ ಬರೆದ ಪುಸ್ತಕವೇ. ಅಲ್ಲಿನ ರಾಜು ಮಂಗಲ ಎಂಬ ಹಳ್ಳಿಯ ಪಾಳುಗುಡಿಯಲ್ಲಿ ಕೂತಾಗ ಅವನನ್ನೂ ಜನ ಸ್ವಾಮಿಯನ್ನಾಗಿ ಮಾಡುತ್ತಾರೆ. ಚಂದ್ರನ್ ನಾಚಿಕೊಂಡು ಎದ್ದು ಹೋದ; ರಾಜುವಿಗೆ ಹೋಗಲು ಮನೆಯೇ ಉಳಿದಿಲ್ಲ. ಎರಡು ಪುಸ್ತಕಗಳ ನಡುವೆ ಲೇಖಕ ಎಷ್ಟು ಬೆಳೆದ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

'ದಿ ಡಾರ್ಕ್ ರೂಮ್' (1938) ಕಾದಂಬರಿಯ ಸಾವಿತ್ರಿ ಗಂಡನ ಬೇರೆ ಸಂಬಂಧ ಸಹಿಸಲಾರದೆ ಮನೆ ಬಿಟ್ಟು ನದಿಗಿಳಿಯುತ್ತಾಳೆ, ಬದುಕುಳಿದು ದೇವಸ್ಥಾನದಲ್ಲಿ ಚಾಕರಿ ಮಾಡುತ್ತಾಳೆ, ಮಕ್ಕಳ ನೆನಪಿಗೆ ಸೋತು ಹಿಂದಿರುಗುತ್ತಾಳೆ. ಗಂಡಸರ ಮರಳುವಿಕೆಯಲ್ಲಿ ನಾರಾಯಣ್ ನಗುತ್ತಾರೆ, ಸಾವಿತ್ರಿಯದರಲ್ಲಿ ನಗುವುದಿಲ್ಲ. ಈ ಪುಸ್ತಕಕ್ಕೆ ಸಿಗಬೇಕಾದ ಓದುಗರು ಇನ್ನೂ ಸಿಕ್ಕಿಲ್ಲ. ಮುಂದೆ 'ದಿ ವೆಂಡರ್ ಆಫ್ ಸ್ವೀಟ್ಸ್' (1967) ಕಾದಂಬರಿಯ ಮಿಠಾಯಿ ಜಗನ್ ಮಗನ ಕಾಟಕ್ಕೆ ಬೇಸತ್ತು ವಾನಪ್ರಸ್ಥಕ್ಕೆ ಹೊರಡುವಾಗಲೂ ಚೆಕ್ ಪುಸ್ತಕ ಮರೆಯುವುದಿಲ್ಲ. ನಾರಾಯಣರ ವೈರಾಗ್ಯಕ್ಕೆ ಯಾವಾಗಲೂ ಹಿಂಬಾಗಿಲೊಂದು ಇರುತ್ತದೆ.

ಒಂದೇ ಒಂದು ಬಿಡುವಿಕೆಯಲ್ಲಿ ಹಾಸ್ಯವೂ ಇಲ್ಲ, ಹಿಂಬಾಗಿಲೂ ಇಲ್ಲ. 1939ರಲ್ಲಿ ಅವರ ಹೆಂಡತಿ ರಾಜಂ ಟೈಫಾಯಿಡ್ ಜ್ವರದಿಂದ ತೀರಿಕೊಂಡರು. ಜಾತಕ ಕೂಡದಿದ್ದರೂ ಹಟ ಹಿಡಿದು ಮಾಡಿಕೊಂಡ ಮದುವೆ ಅದು. ಪುಟ್ಟ ಮಗಳು ಹೇಮಾಳನ್ನು ಬೆಳೆಸುತ್ತ ನಾರಾಯಣ್ ಬಹುಕಾಲ ಏನನ್ನೂ ಬರೆಯಲಾಗದೆ ಉಳಿದರು. ಆ ದುಃಖ 'ದಿ ಇಂಗ್ಲಿಷ್ ಟೀಚರ್' (1945) ಆಗಿ ಬಂತು. ಅಲ್ಲಿಯೂ ಒಬ್ಬ ಮೇಷ್ಟ್ರು, ಅಲ್ಲಿಯೂ ಒಂದು ರಾಜೀನಾಮೆ. ಹೆಂಡತಿ ಸತ್ತ ಮೇಲೆ ಕೃಷ್ಣನಿಗೆ ಕಾಲೇಜಿನ ಪಾಠ ಪೊಳ್ಳೆನಿಸಿ, ನೌಕರಿ ಬಿಟ್ಟು ಪುಟ್ಟ ಮಕ್ಕಳ ಶಾಲೆ ಸೇರುತ್ತಾನೆ. ಚನ್ನಪಟ್ಟಣದಲ್ಲಿ ಹುಡುಗಾಟಿಕೆಯಿಂದ ಬಿಟ್ಟ ಕೆಲಸ ಇಲ್ಲಿ ವಿವೇಕದಿಂದ ಬಿಡುವ ಕೆಲಸವಾಗಿದೆ. ಪುಸ್ತಕದ ಎರಡನೇ ಅರ್ಧದಲ್ಲಿ ಸತ್ತ ಹೆಂಡತಿಯೊಡನೆ ಮಾತಾಡುವ ಭಾಗ ನನಗೆ ರುಚಿಸುವುದಿಲ್ಲ; ಮೊದಲ ಅರ್ಧಕ್ಕೆ ಮಾತ್ರ ಎಷ್ಟು ಸಲ ಬೇಕಾದರೂ ತಲೆಬಾಗುತ್ತೇನೆ.

ಹೀಗೆ ಕೆಲಸ ಬಿಟ್ಟು ಕಾದಂಬರಿಕಾರರಾದವರು ನಾರಾಯಣ್ ಒಬ್ಬರೇ ಅಲ್ಲ. ಅಮೆರಿಕದ ವಿಲಿಯಂ ಫಾಕ್ನರ್ (1897–1962) ಮಿಸ್ಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ ಪೋಸ್ಟ್‌ಮಾಸ್ತರಾಗಿದ್ದ. ಬಂದ ಪತ್ರಗಳಿಗಿಂತ ಕೈಲಿದ್ದ ಪುಸ್ತಕದ ಮೇಲೆ ಅವನಿಗೆ ಲಕ್ಷ್ಯ ಹೆಚ್ಚು. ದೂರುಗಳು ಬಂದವು. ಎರಡು ಸೆಂಟಿನ ಅಂಚೆಚೀಟಿಗೆ ಬಂದವರಿಗೆಲ್ಲ ಕೈಕಟ್ಟಿ ನಿಲ್ಲಲಾರೆ ಎಂಬರ್ಥದ ಪತ್ರ ಬರೆದು 1924ರಲ್ಲಿ ಬಿಟ್ಟ. ಆಮೇಲೆ ಯೊಕ್ನಪಟಾಫ ಎಂಬ ಕಲ್ಪಿತ ಜಿಲ್ಲೆ ಕಟ್ಟಿಕೊಂಡು, 1936ರ 'ಆಬ್ಸಲಮ್, ಆಬ್ಸಲಮ್!' ಕಾದಂಬರಿಗೆ ಅದರ ನಕ್ಷೆಯನ್ನೂ ಬರೆದು, ಒಡೆಯ ತಾನೇ ಎಂದು ಕೆಳಗೆ ನಮೂದಿಸಿದ. ನಾರಾಯಣರ ಕಲ್ಪಿತ ಊರು ಮಾಲ್ಗುಡಿಯನ್ನು ವಿಮರ್ಶಕರು ಯೊಕ್ನಪಟಾಫದ ಪಕ್ಕದಲ್ಲಿಟ್ಟು ನೋಡುವುದು ಹಳೆಯ ರೂಢಿ. ಹೋಲಿಕೆ ಅಲ್ಲಿಗೇ ಮುಗಿಯಿತು ಅನ್ನಬೇಕು. ಫಾಕ್ನರ್‌ನ ಜಿಲ್ಲೆ ನೆಲದ ಕೆಳಗೆ ಗುಲಾಮಗಿರಿಯ ನೆತ್ತರು ಹರಿಯುವ ಜಿಲ್ಲೆ. ಅಲ್ಲಿಂದ ಓಡಿಹೋದವನನ್ನು ಹಳೆಯ ಪಾಪ ಅಟ್ಟಿಸಿಕೊಂಡು ಬರುತ್ತದೆ. ಮಾಲ್ಗುಡಿಯಲ್ಲಿ ಅಟ್ಟಿಸಿಕೊಂಡು ಬರುವುದು ಹೆಚ್ಚೆಂದರೆ ಸಾಲಗಾರ.

ನನ್ನ ತಕರಾರೂ ಇಲ್ಲಿಯೇ ಇದೆ. ಕಬೀರ್ ಬೀದಿ, ವಿನಾಯಕ ಮುದಲಿ ಬೀದಿ, ಮಾರ್ಕೆಟ್ ರಸ್ತೆ, ಲಾಲಿ ಬಡಾವಣೆ ಎಲ್ಲ ನಮಗೆ ಬಾಯಿಪಾಠ. ಮಾಲ್ಗುಡಿಯ ಕೇರಿ ಎಲ್ಲಿದೆ? ಚನ್ನಪಟ್ಟಣದಿಂದ ದೂರವೇನಲ್ಲದ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ' ಓದಿದ ಮೇಲೆ ಈ ಪ್ರಶ್ನೆ ಕೇಳದೆ ಇರಲಾಗದು. ನಗುವಿನ ವಿಷಯದಲ್ಲಿ ಸಿದ್ಧಲಿಂಗಯ್ಯ ನಾರಾಯಣರಿಗೆ ಒಂದು ಕೂದಲೆಳೆಯಷ್ಟೂ ಕಡಿಮೆಯಿಲ್ಲ, ಆದರೆ ಅವರ ನಗು ಎದ್ದದ್ದು ನಾರಾಯಣ್ ಕಾಲಿಡದ ಬೀದಿಯಿಂದ. ಎರಡನ್ನೂ ಒಂದೇ ವಾರದಲ್ಲಿ ಓದುವುದು ಒಳ್ಳೆಯದು.

ವಿ.ಎಸ್. ನೈಪಾಲ್ ಎತ್ತಿದ ಆಕ್ಷೇಪ ಬೇರೆ. 1977ರ 'ಇಂಡಿಯಾ: ಎ ವೂಂಡೆಡ್ ಸಿವಿಲೈಸೇಷನ್' ಪುಸ್ತಕದಲ್ಲಿ ಅವರು ನಾರಾಯಣರ 'ಮಿಸ್ಟರ್ ಸಂಪತ್' ಮತ್ತು ಜಗನ್‌ನ ಕಥೆ ಹಿಡಿದು, ಹೀಗೆ ಹಿಂದೆ ಸರಿಯುವುದು ಹಿಂದೂ ನಿಷ್ಕ್ರಿಯತೆ, ಲೋಕಕ್ಕೆ ಬೆನ್ನು ಹಾಕುವ ಸೋಲು ಎಂದು ತೀರ್ಪಿತ್ತರು. ತೀಕ್ಷ್ಣ ಓದು ಹೌದು. ಸರಿಯಾದ ಓದು ಅನ್ನಲಾರೆ. ಬೆತ್ತ ಕಿತ್ತೆಸೆಯುವ ಹುಡುಗ ನಿಷ್ಕ್ರಿಯನೇ? ಡ್ರಿಲ್ ಮೈದಾನಕ್ಕೆ ಇಳಿಯಲೊಲ್ಲದೆ ಸಂಬಳ ಬಿಟ್ಟವನು ಸೋತವನೇ? ಕೆಲಸ ಬಿಟ್ಟ ನಾರಾಯಣ್ ಕೈಕಟ್ಟಿ ಕೂರಲಿಲ್ಲ. ಮದರಾಸಿನ 'ಜಸ್ಟೀಸ್' ಪತ್ರಿಕೆಗೆ ಮೈಸೂರಿನ ವರದಿಗಾರನಾಗಿ ಬೀದಿ ಬೀದಿ ಸುತ್ತಿ ಸುದ್ದಿ ಹೆಕ್ಕಿದರು. ಬ್ರಾಹ್ಮಣೇತರ ಚಳವಳಿಯ ಪತ್ರಿಕೆಗೆ ಅಯ್ಯರ್ ಮನೆತನದ ವರದಿಗಾರ! 'ಸ್ವಾಮಿ'ಯ ಹಸ್ತಪ್ರತಿ ಪ್ರಕಾಶಕರಿಂದ ಪ್ರಕಾಶಕರಿಗೆ ಅಲೆದಾಗ ಬೇಸತ್ತು, ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಆಕ್ಸ್‌ಫರ್ಡ್‌ನಲ್ಲಿದ್ದ ಗೆಳೆಯ ಪೂರ್ಣ ಅವರಿಗೆ ಬರೆದರು. ಪೂರ್ಣ ಎಸೆಯಲಿಲ್ಲ, ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಕೊಟ್ಟರು. ಪುಸ್ತಕ ಬಂತು.

ಅಮೆರಿಕದ ನಂಟು ತಡವಾಗಿ ಕೂಡಿತು. 1956ರಲ್ಲಿ ರಾಕ್‌ಫೆಲರ್ ಫೆಲೋಶಿಪ್ ಮೇಲೆ ಹೋದ ನಾರಾಯಣ್ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕಾರ್ಲ್‌ಟನ್ ಎಂಬ ಹೋಟೆಲಿನ ಕೋಣೆಯಲ್ಲಿ ಕೂತು 'ದಿ ಗೈಡ್' ಬರೆದರು. ಕಥೆಯ ಬೀಜ ಹೋದದ್ದು ಮೈಸೂರಿನಿಂದ. ಒಂದು ಬರಗಾಲದಲ್ಲಿ ಕೃಷ್ಣರಾಜ ಸಾಗರವೂ ಬತ್ತಿ, ಕಾವೇರಿಯ ಒಣ ಪಾತ್ರದಲ್ಲಿ ಮೊಣಕಾಲುದ್ದದ ನೀರಲ್ಲಿ ನಿಂತು ಪುರೋಹಿತರು ಹನ್ನೊಂದು ದಿನ ಜಪ ಮಾಡಿದರೆಂದೂ ಹನ್ನೆರಡನೇ ದಿನ ಮಳೆ ಬಂತೆಂದೂ 'ಮೈ ಡೇಸ್' ಹೇಳುತ್ತದೆ. ರಾಜುವಿನ ಉಪವಾಸವೂ ಮಳೆಗಾಗಿಯೇ. ಆದರೆ ಅಲ್ಲಿ ಮಳೆ ಬಂತೋ ಇಲ್ಲವೋ ಎಂಬುದನ್ನು ಕಾದಂಬರಿ ಬಿಟ್ಟುಕೊಡುವುದಿಲ್ಲ. ಚನ್ನಪಟ್ಟಣದ ಪಕ್ಕದ ಕನಕಪುರದಲ್ಲಿ ಸಂಗಮ ದಾಟಿ ಮೇಕೆದಾಟಿನ ಬಂಡೆಯಿರುಕಿಗೆ ಬೀಳುವ ಕಾವೇರಿಯನ್ನು ಬೇಸಿಗೆಯಲ್ಲಿ ಕಂಡವರಿಗೆ ಮಂಗಲದ ಬತ್ತಿದ ನದಿಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಾಗದು. ಈ ಕಾದಂಬರಿಗೆ 1960ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇದನ್ನು ಆಧರಿಸಿದ ಸಿನಿಮಾದ ಇಂಗ್ಲಿಷ್ ಆವೃತ್ತಿಗೆ ಚಿತ್ರಕಥೆ ಬರೆದವರಲ್ಲಿ ಅಮೆರಿಕದ ಕಾದಂಬರಿಗಾರ್ತಿ ಪರ್ಲ್ ಬಕ್ ಒಬ್ಬರು. ಮಾಲ್ಗುಡಿಯನ್ನು ರಾಜಸ್ಥಾನದ ಅರಮನೆಗಳಿಗೆ ಸಾಗಿಸಿದ ಆ ಸಿನಿಮಾದ ಮೇಲಿನ ಸಿಟ್ಟನ್ನು ನಾರಾಯಣ್ ಲೇಖನ ಬರೆದು ತೀರಿಸಿಕೊಂಡರು.

ಸಿನಿಮಾ ಅಂದಾಗ ನಮ್ಮ ಸೀಮೆಯ ಇನ್ನೊಂದು ಮಾತು. ರಾಮನಗರಕ್ಕೆ ಮೊದಲಿದ್ದ ಹೆಸರು ಕ್ಲೋಸ್‌ಪೇಟೆ. ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನದು. ಊರು ಹೆಸರು ಬದಲಿಸಿದರೂ ಭೂವಿಜ್ಞಾನಿಗಳು ಬದಲಿಸಲಿಲ್ಲ. 'ಶೋಲೆ'ಯ ಗಬ್ಬರ್ ಕೂತ ಬಂಡೆ ಅವರ ಪಾಲಿಗೆ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್, ವಯಸ್ಸು ಸುಮಾರು 250 ಕೋಟಿ ವರ್ಷ. ನಾರಾಯಣರ 'ಲಾಲಿ ರೋಡ್' ಕಥೆ ಇಲ್ಲಿ ನೆನಪಾಗಲೇಬೇಕು. ಸ್ವಾತಂತ್ರ್ಯ ಬಂದ ಹುರುಪಿನಲ್ಲಿ ಮಾಲ್ಗುಡಿಯ ಪುರಸಭೆ ಎಲ್ಲ ಬೀದಿಗಳ ಹೆಸರು ಬದಲಿಸಿ ಯಾರಿಗೂ ಯಾರ ಮನೆಯೂ ಸಿಗದಂತೆ ಮಾಡುತ್ತದೆ, ಲಾಲಿ ದೊರೆಯ ಪ್ರತಿಮೆ ಕೀಳಿಸುತ್ತದೆ, ಆಮೇಲೆ ಆತ ಊರು ಕಟ್ಟಿದ ಒಳ್ಳೆಯವನೆಂದು ತಿಳಿದು ಕಂಗಾಲಾಗುತ್ತದೆ. ರಾಮನಗರ ಜಿಲ್ಲೆ ಈಗ ಬೆಂಗಳೂರು ದಕ್ಷಿಣವಾಗಿದೆ. ಪರ–ವಿರೋಧದ ಭಾಷಣಗಳನ್ನು ಕೇಳಿ ದಣಿದವರು ಆ ಪುಟ್ಟ ಕಥೆ ಓದಿ ಸುಧಾರಿಸಿಕೊಳ್ಳಬಹುದು.

ಕನ್ನಡನಾಡು ನಾರಾಯಣರನ್ನು ತನ್ನವರೆಂದು ಒಪ್ಪಿದ್ದು ಅರೆಮನಸ್ಸಿನಿಂದ. 1906ರಲ್ಲಿ ಮದರಾಸಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಾಳಿ, 2001ರಲ್ಲಿ ಮದರಾಸಿನಲ್ಲೇ ತೀರಿಕೊಂಡ ತಮಿಳು ಮನೆಮಾತಿನ ಇಂಗ್ಲಿಷ್ ಲೇಖಕ. ಹಸ್ತಪ್ರತಿಗಳು ಬಾಸ್ಟನ್ ವಿಶ್ವವಿದ್ಯಾಲಯದ ಪಾಲಾದವು. ಮೈಸೂರಿನ ಯಾದವಗಿರಿಯ ಅವರ ಮನೆ 2011ರಲ್ಲಿ ನೆಲಸಮವಾಗಲಿದ್ದಾಗ ಅದನ್ನು ಸರ್ಕಾರ ಉಳಿಸುವುದು ಬೇಡವೆಂದು ಕನ್ನಡದ ಕೆಲವು ಲೇಖಕರೇ ವಾದಿಸಿದ್ದರು. ಮನೆ ಉಳಿಯಿತು, 2016ರಿಂದ ಅದು ಮ್ಯೂಸಿಯಂ. ಆದರೆ ಅವರನ್ನು ಕನ್ನಡಿಗರ ಮನೆಯೊಳಗೆ ತಂದವರು ಶಂಕರ್ ನಾಗ್. ಆಗುಂಬೆಯನ್ನು ಮಾಲ್ಗುಡಿ ಮಾಡಿ 1986ರ ಹೊತ್ತಿಗೆ ದೂರದರ್ಶನದಲ್ಲಿ ತೋರಿಸಿದ ಮೇಲೆ ನೋಡುಗರು ಯಾರ ತಕರಾರಿಗೂ ಕಿವಿಗೊಡಲಿಲ್ಲ. ಅದಕ್ಕೂ ಮೊದಲೇ, 1983ರಲ್ಲಿ, ಟಿ.ಎಸ್. ನಾಗಾಭರಣ 'ಬ್ಯಾಂಕರ್ ಮಾರ್ಗಯ್ಯ' ಸಿನಿಮಾ ಮಾಡಿದ್ದರು. ಲೋಕೇಶ್ ಅವರ ಮಾರ್ಗಯ್ಯ ಕಾದಂಬರಿಯ ಮಾರ್ಗಯ್ಯನಿಗಿಂತ ಒಂದು ಗುಲಗಂಜಿ ಹೆಚ್ಚೇ ತೂಗುತ್ತಾನೆ.

ನಾರಾಯಣರ ಎಲ್ಲ ಪುಸ್ತಕಗಳಲ್ಲಿ ನನ್ನ ಆಯ್ಕೆಯೂ ಆ ಮಾರ್ಗಯ್ಯನ ಮೂಲ, 1952ರ 'ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್'. ಸಹಕಾರಿ ಬ್ಯಾಂಕಿನ ಎದುರು ಆಲದ ಮರದಡಿ ತಗಡಿನ ಪೆಟ್ಟಿಗೆ ಇಟ್ಟುಕೊಂಡು ರೈತರಿಗೆ ಸಾಲದ ಅರ್ಜಿ ಬರೆದುಕೊಡುವವನು ಲಕ್ಷಾಂತರ ಹಣದ ಮೇಲೆ ಕೂತು, ಮಗನಿಂದಲೇ ದಿವಾಳಿಯಾಗಿ, ಮತ್ತೆ ಅದೇ ಪೆಟ್ಟಿಗೆಯ ಮಾತಾಡುತ್ತಾನೆ. ಬಿಟ್ಟುಹೋಗಿ ಮರಳುವ ಕಥೆಯನ್ನು ನಾರಾಯಣ್ ಇಷ್ಟು ಬಿಗಿಯಾಗಿ ಮತ್ತೆಲ್ಲೂ ಹೇಳಲಿಲ್ಲ. ಎಂಬತ್ತರ ದಶಕದ ಆಚೆಗಿನ ತೆಳು ಕಾದಂಬರಿಗಳನ್ನು ಅಭಿಮಾನಿಗಳು ಮಾತ್ರ ಓದಲಿ.

ಚನ್ನಪಟ್ಟಣದ ಪ್ರೌಢಶಾಲೆಗಳ ಇಂಗ್ಲಿಷ್ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಸ್ವಾಮಿ ಬೆತ್ತ ಕಿತ್ತೆಸೆಯುವ ಅಧ್ಯಾಯವನ್ನು ಈ ವರ್ಷ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ, ಅದನ್ನು ಬರೆದವರು ಇದೇ ಊರಲ್ಲಿ ಮೇಷ್ಟ್ರಾಗಿದ್ದರು ಎಂದು ಮಕ್ಕಳಿಗೆ ಹೇಳಿ. ದೈಹಿಕ ಶಿಕ್ಷಣದ ಮೇಷ್ಟ್ರನ್ನೂ ಆ ಪೀರಿಯಡ್‌ಗೆ ಕರೆಯಿರಿ.