ಗಾಳಿಗೆ ಗೆದ್ದು ನೀರಿಗೆ ಸೋತ ಅಂಚು

ಐರ್ಲೆಂಡಿನ ಪಡುವಣ ಕರಾವಳಿಯ ಮೇಯೋ, ಗಾಲ್ವೇ, ಡೊನೆಗಾಲ್ ಸೀಮೆಗಳಲ್ಲಿ ಮನೆ ಕಟ್ಟುವವರು ಮಳೆಗಿಂತ ಗಾಳಿಗೆ ಹೆದರಿದ್ದೇ ಹೆಚ್ಚು. ಆ ಹೆದರಿಕೆಗೆ ಕಾರಣವೂ ಇದೆ. 1839ರ ಜನವರಿ 6ರಂದು ಬೀಸಿದ ಬಿರುಗಾಳಿಯನ್ನು ಆ ದೇಶದವರು ‘ದೊಡ್ಡ ಗಾಳಿಯ ರಾತ್ರಿ’ ಎಂದು ಇಂದಿಗೂ ನೆನೆಯುತ್ತಾರೆ. 2025ರ ಜನವರಿಯಲ್ಲಿ ಬಂದ ಎಯೊವಿನ್ ಬಿರುಗಾಳಿ ಗಾಲ್ವೇ ತೀರದ ಮೇಸ್ ಹೆಡ್‌ನಲ್ಲಿ ಗಂಟೆಗೆ 180 ಕಿ.ಮೀ. ದಾಟಿತು.

ಗಾಳಿ ಮಾಡಿಗೆ ಕೈಹಾಕುವುದು ನಡುವಿನಲ್ಲಲ್ಲ, ಅಂಚಿನಲ್ಲಿ. ಮನೆಯ ಎರಡೂ ತುದಿಗೆ ಮುಕ್ಕೋನವಾಗಿ ಎದ್ದು ನಿಂತ ಗೇಬಲ್ ಗೋಡೆಯನ್ನು ಸವರಿಕೊಂಡು ಮೇಲೇರಿದ ಗಾಳಿ, ಅಂಚು ದಾಟುವಾಗ ಮಾಡನ್ನು ಮೇಲಕ್ಕೆ ಹೀರುತ್ತದೆ. ಹುಲ್ಲು ಹೊದಿಸುತ್ತಿದ್ದ ಕಾಲದಲ್ಲಿ ಇದಕ್ಕೆ ಎರಡು ಉಪಾಯಗಳಿದ್ದವು. ಒಂದು, ಗೇಬಲ್ ಗೋಡೆಯನ್ನು ಹುಲ್ಲಿಗಿಂತ ಎತ್ತರಿಸಿ ಗಾಳಿಗೆ ಅಂಚು ಸಿಗದಂತೆ ಮಾಡುವುದು. ಇನ್ನೊಂದು, ಗೋಡೆಯಲ್ಲಿ ಕಲ್ಲಿನ ಗೂಟಗಳನ್ನು ನೆಟ್ಟು ಮಾಡಿನ ಮೇಲೆ ಹಗ್ಗ ಬಿಗಿಯುವುದು. ಹುಲ್ಲು ಹೋಗಿ ಸ್ಲೇಟು ಕಲ್ಲು ಬಂದ ಮೇಲೆ ಗೂಟಕ್ಕೆ ಕೆಲಸವಿಲ್ಲದಾಯಿತು, ಎತ್ತರಿಸಿದ ಅಂಚು ಮಾತ್ರ ಉಳಿಯಿತು. ಕಲ್ಲು ಕೆತ್ತಿಸುವುದು ದುಬಾರಿ, ಸಿಮೆಂಟು ಊರಿನ ಅಂಗಡಿಯಲ್ಲೇ ಸಿಗುತ್ತದೆ. ಹಾಗಾಗಿ 20ನೇ ಶತಮಾನದಲ್ಲಿ ಈ ಅಂಚು ಕಾಂಕ್ರೀಟಿಗೆ ತಿರುಗಿತು. ಅಲ್ಲಿನ ಗಾರೆ ಕೆಲಸದವರು ಅದನ್ನು ‘ಬಾರ್ಜ್’ ಎನ್ನುತ್ತಾರೆ.

ಕೆಲಸ ನೋಡಲು ಸರಳ. ಗೋಡೆಯ ತಲೆಯ ಇಕ್ಕೆಲಕ್ಕೂ ಹಲಗೆ ಬಿಗಿದು ಶಟರಿಂಗ್ ಮಾಡಿ, ನಡುವೆ ಒಂದೆರಡು ಕಂಬಿ ಮಲಗಿಸಿ, ಕಾಂಕ್ರೀಟು ತುಂಬುತ್ತಾರೆ. ಇಳಿಜಾರು 35ರಿಂದ 40 ಡಿಗ್ರಿ ಇರುವಲ್ಲಿ ನೀರು ಹೆಚ್ಚಾದ ಮಾಲು ನಿಲ್ಲುವುದಿಲ್ಲ, ಜಾರಿ ಸೂರಿನ ಬಳಿ ಗುಡ್ಡೆಯಾಗುತ್ತದೆ. ಗಟ್ಟಿಯಾಗಿ ಕಲಸಿ, ಕೆಳಗಿನಿಂದ ಮೇಲಕ್ಕೆ ತುಸುತುಸುವೇ ಹಾಕಿ ಕುಟ್ಟುತ್ತ ಹೋಗಬೇಕು. ಹಲವು ಕಡೆ ಸ್ಲೇಟಿನ ತುದಿಯನ್ನೂ ಅದರೊಳಗೇ ಹೂತುಬಿಡುತ್ತಾರೆ. ಹಲಗೆ ಬಿಚ್ಚಿದ ದಿನ ಕಣ್ಣಿಗೆ ಹಿತವೆನಿಸುತ್ತದೆ: ನೀಲಿ-ಬೂದು ಕಲ್ಲಿಗೆ ಎರಡೂ ಬದಿಯಲ್ಲಿ ನೇರವಾದ ಬಿಳಿಚು ಗೆರೆ.

ಗಾಳಿಯ ಮಟ್ಟಿಗೆ ಈ ಅಂಚಿಗೆ ಪೂರ್ಣ ಅಂಕ ಕೊಡಬಹುದು. 15 ಸೆಂ.ಮೀ. ಅಗಲ, ಅಷ್ಟೇ ದಪ್ಪದ ಕಾಂಕ್ರೀಟು ಮೀಟರಿಗೆ ಸುಮಾರು 54 ಕೆ.ಜಿ. ತೂಗುತ್ತದೆ. ಗಾಳಿಗೆ ಅದನ್ನು ಎತ್ತುವುದು ಸುಲಭವಲ್ಲ, ಅದರ ಮರೆಯಲ್ಲಿರುವ ಕಲ್ಲಿನ ಅಡಿಗೆ ಬೆರಳು ತೂರಿಸಲು ಜಾಗವೂ ಇಲ್ಲ.

ಸೋಲುವುದು ನೀರಿನ ಮುಂದೆ, ಅದೂ ನಿಧಾನವಾಗಿ. ಸ್ಲೇಟು ಮಾಡು ನೀರು ತಡೆಯುವುದು ಅಂಟಿನಿಂದಲ್ಲ, ಒಂದರ ಮೇಲೊಂದು ಹೊದಿಸಿದ್ದರಿಂದ. ಪ್ರತಿ ಕಲ್ಲೂ ಎರಡು ಮೊಳೆಯ ಮೇಲೆ ತೂಗಿಕೊಂಡಿರುತ್ತದೆ. ಗಾಳಿಗೆ ಚೂರು ಅಲುಗುತ್ತದೆ, ಅಡಿಯ ರೀಪರು ಉಬ್ಬಿ ಕುಗ್ಗಿದರೆ ಅದರೊಂದಿಗೆ ಸರಿಯುತ್ತದೆ. ಕಾಂಕ್ರೀಟು ಇಂಥ ಹೊಂದಾಣಿಕೆಯನ್ನು ಒಲ್ಲದು. ಮೊದಲು ಒಣಗುವಾಗ ಕುಗ್ಗುತ್ತದೆ. ಆಮೇಲೆ 6 ಮೀಟರ್ ಉದ್ದದ ಒಂದೇ ತುಂಡು, 40 ಡಿಗ್ರಿ ಉಷ್ಣತೆಯ ಏರಿಳಿತಕ್ಕೆ ಎರಡು ಮಿಲಿಮೀಟರಿಗೂ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಎರಡು ಮಿಲಿಮೀಟರು ಏನು ಮಹಾ ಎನ್ನಬೇಡಿ. ನೀರಿಗೆ ಕೂದಲೆಳೆಯಷ್ಟು ಸಂದು ಸಾಕು. ಕಲ್ಲಿಗೂ ಕಾಂಕ್ರೀಟಿಗೂ ನಡುವೆ ಬಿಟ್ಟ ಬಿರುಕು ಮಾಡಿನ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ನೀರು ಕಲ್ಲಿನಡಿಯಲ್ಲಿ ಅಡ್ಡಕ್ಕೆ ಹರಿದು ಮೊಳೆಯ ತೂತು ಸೇರುತ್ತದೆ, ರೀಪರಿನ ತುದಿ ಕೊಳೆಯುತ್ತದೆ. ಮಹಡಿಯ ಮೂಲೆಯಲ್ಲಿ ಕಪ್ಪು ಕಲೆ ಕಾಣುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಚಳಿಗಾಲದಲ್ಲಿ ಸಂದಿನ ನೀರು ಹೆಪ್ಪುಗಟ್ಟಿ ಶೇ. 9ರಷ್ಟು ಉಬ್ಬಿತೆಂದರೆ ಬಿರುಕು ಇನ್ನಷ್ಟು ಅಗಲ.

ಸ್ಕಾಟ್ಲೆಂಡಿನ ಹಳೆಯ ಮನೆಗಳ ‘ಸ್ಕ್ಯೂ’ ಅಂಚಿನದೂ ಇದೇ ಕಥೆ. ಅಲ್ಲಿ ಅಂಚು ಕಲ್ಲಿನದು, ಅದಕ್ಕೂ ಸ್ಲೇಟಿಗೂ ನಡುವಿನ ಮೂಲೆಗೆ ಹಿಂದೆ ಸುಣ್ಣದ ಗಾರೆ ಮೆತ್ತುತ್ತಿದ್ದರು. ಸುಣ್ಣ ಮೆದು, ಸ್ವಲ್ಪ ಬಾಗುತ್ತದೆ, ಕೆಟ್ಟರೆ ಕೆರೆದು ಮತ್ತೆ ಮೆತ್ತಬಹುದು. ಆ ಜಾಗಕ್ಕೆ ಗಡುಸು ಸಿಮೆಂಟು ಬಂದು ಬಿರುಕು ಬಿಟ್ಟಿತು. ರಿಪೇರಿಗೆಂದು ಬಂದವರು ಅದರ ಮೇಲೆ ಇನ್ನೊಂದು ಪದರ ಸಿಮೆಂಟು ಬಳಿದರು. ರೋಗವನ್ನೇ ಮದ್ದೆಂದು ಕೊಡುವ ಈ ಚಾಳಿ ಕಂಡರೆ ನನಗೆ ರೇಗುತ್ತದೆ.

ಕಂಬಿಯದು ಬೇರೆ ಗೋಳು. ಕಡಲ ಉಪ್ಪು ಕಾಂಕ್ರೀಟಿನೊಳಗೆ ಇಳಿದರೆ ಕಂಬಿ ತುಕ್ಕು ಹಿಡಿಯುತ್ತದೆ, ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಅಂಚು ಉದ್ದಕ್ಕೂ ಸೀಳುತ್ತದೆ.

ಹಾಗಾದರೆ ಕಾಂಕ್ರೀಟು ಅಂಚೇ ಬೇಡವೇ? ಬೇಕು, ಆದರೆ ಅದಕ್ಕೆ ಭಾರದ ಕೆಲಸ ಮಾತ್ರ ಒಪ್ಪಿಸಬೇಕು. ನೀರಿನ ಕೆಲಸ ಸೀಸದ ತಗಡಿಗೆ ಸೇರಿದ್ದು. ಸ್ಲೇಟಿನ ತುದಿಯನ್ನು ಕಾಂಕ್ರೀಟಿಗೆ ತಾಗಿಸದೆ ನಿಲ್ಲಿಸಿ, ಅದರಡಿಯಲ್ಲಿ ಸೀಸದ ಸಣ್ಣ ಕಾಲುವೆಯನ್ನು ಸೂರಿನವರೆಗೆ ಇಳಿಸಬೇಕು. ಕಾಂಕ್ರೀಟಿನಡಿಗೆ ತೇವ ತಡೆಯುವ ಹಾಳೆ ಹಾಸಬೇಕು. ಅಂಚು ಗೋಡೆಯಿಂದ ನಾಲ್ಕೈದು ಸೆಂ.ಮೀ. ಹೊರಚಾಚಿ, ಅದರ ಅಡಿಯಲ್ಲಿ ನೀರು ತೊಟ್ಟಿಕ್ಕಿ ಬೀಳಲು ಒಂದು ಸಣ್ಣ ತೋಡು ಇರಬೇಕು. ಇಲ್ಲವಾದರೆ ಮೇಲಿನ ನೀರೆಲ್ಲ ಗೇಬಲ್ ಗೋಡೆಯ ಮೈಮೇಲೆ. ಉದ್ದವನ್ನು ತುಂಡು ಮಾಡಿ ಕೀಲು ಬಿಡಬೇಕು, ಕಂಬಿ ಸ್ಟೇನ್‌ಲೆಸ್ ಸ್ಟೀಲಿನದಾಗಿರಬೇಕು. ಖರ್ಚು ಏರುತ್ತದೆ, ನಿಜ. ಸೀಸದ ಕಾಲುವೆಗೂ ಕುಂದಿದೆ. ತೀರಾ ಕಿರಿದಾಗಿದ್ದರೆ ಪಾಚಿ, ತರಗೆಲೆ ಕಟ್ಟಿಕೊಂಡು ಅದೇ ಉಕ್ಕುತ್ತದೆ, ಆಗಾಗ ಏಣಿ ಹಾಕಿ ತೆಗೆಯುವ ತಾಳ್ಮೆ ಬೇಕು.

ಮಾಡಿಗೆ ಸ್ಲೇಟು, ಹಂಚು ಹೊದಿಸುವ ಬಗೆಗಿನ ಬ್ರಿಟನ್ನಿನ ಬಿಎಸ್ 5534 ಸಂಹಿತೆ 2014ರ ಪರಿಷ್ಕರಣೆಯಲ್ಲಿ ನೆತ್ತಿಯ ಹಂಚನ್ನು ಗಾರೆಯೊಂದನ್ನೇ ನಂಬಿ ಕೂರಿಸಕೂಡದೆಂದಿತು. ಅದರ ಜೊತೆಗೆ ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸುವುದೂ ಹಬ್ಬಿತು. ಅದು ಸೋರುವುದು ಕಡಿಮೆ, ನೋಡಲು ಮಾತ್ರ ದರಿದ್ರ. ನೂರು ವರ್ಷ ಬಾಳುವ ವೇಲ್ಸ್ ಸ್ಲೇಟಿಗೆ ಅದನ್ನು ಜೋಡಿಸಲು ನನಗಂತೂ ಮನಸ್ಸಾಗದು.

ಹಳೆಯ ಬಾರ್ಜ್ ಮನೆಯೊಳಗೆ ತೇವ ಬಿಡದಿದ್ದರೆ ಅದನ್ನು ಮುಟ್ಟದಿರುವುದೇ ಲೇಸು. ಸ್ಲೇಟು ಕಾಂಕ್ರೀಟಿನೊಳಗೆ ಹೂತಿರುವುದರಿಂದ ಒಡೆಯಲು ಹೊರಟರೆ ಅಂಚಿನ ಸಾಲಿನ ಕಲ್ಲುಗಳೂ ಅದರ ಜೊತೆಗೇ ಚೂರಾಗುತ್ತವೆ. ಒಂದು ಕಲ್ಲು ಬದಲಿಸಬೇಕೆಂದವರು ಆ ಬದಿಯ ಇಡೀ ಸಾಲನ್ನು ಹೊಸದಾಗಿ ಹೊದಿಸುವ ಲೆಕ್ಕ ಹಾಕಿಕೊಂಡೇ ಏಣಿ ಹತ್ತಬೇಕು.