ಕಾಗದಪತ್ರ ಎಲ್ಲಾ ಅಮ್ಮನ ಹತ್ರ

ಮೊದಲೇ ಹೇಳಿಬಿಡ್ತೀನಿ, ಈ ಪುಸ್ತಕದಲ್ಲಿ ಕಳ್ಳ ಯಾರು ಅನ್ನೋದನ್ನ ಇನ್ನೊಂದೇ ನಿಮಿಷದಲ್ಲಿ ನಾನು ಬಿಟ್ಟುಕೊಡ್ತೀನಿ. ಬೇಜಾರಾಗಬೇಡಿ. ಗೊತ್ತಿದ್ದೇ ಓದಿದ್ರೆ ಇದು ಇನ್ನೂ ಚೆನ್ನಾಗಿ ಓದಿಸಿಕೊಳ್ಳುತ್ತೆ ಅನ್ನೋದು ನನ್ನ ಅನುಭವ.

ಆಕ್ಸ್ಟನ್ ಬೆಟ್ಸ್-ಹ್ಯಾಮಿಲ್ಟನ್ ಬರೆದ 'ದಿ ಲೆಸ್ ಪೀಪಲ್ ನೋ ಅಬೌಟ್ ಅಸ್' ಬಂದಿದ್ದು 2019ರಲ್ಲಿ. ಮರುವರ್ಷ ನಿಜ ಅಪರಾಧ ಕಥನಕ್ಕೆ ಕೊಡುವ ಎಡ್ಗರ್ ಪ್ರಶಸ್ತಿ ಇದಕ್ಕೆ ಸಿಕ್ಕಿತು. ಪಾಡ್‌ಕಾಸ್ಟ್ ಕೇಳುವವರಲ್ಲಿ ಕೆಲವರಿಗೆ ಕಥೆ ಗೊತ್ತಿರಬಹುದು, 'ಕ್ರಿಮಿನಲ್' ಪಾಡ್‌ಕಾಸ್ಟಿನಲ್ಲಿ ಪುಸ್ತಕಕ್ಕೂ ಮುಂಚೆಯೇ ಬಂದಿತ್ತು. ಶೀರ್ಷಿಕೆಯ ಅರ್ಥ ನಮಗೆ ಚೆನ್ನಾಗಿ ಗೊತ್ತಿರುವಂಥದ್ದೇ: ಮನೆ ವಿಷಯ ಹೊರಗಿನವರಿಗೆ ಎಷ್ಟು ಕಮ್ಮಿ ಗೊತ್ತಿದ್ರೆ ಅಷ್ಟು ಒಳ್ಳೇದು.

ಇಂಡಿಯಾನಾ ರಾಜ್ಯದ ಒಂದು ಸಣ್ಣ ಊರು, ಪೋರ್ಟ್‌ಲ್ಯಾಂಡ್. 1993. ಲೇಖಕಿಗೆ ಆಗ ಹನ್ನೊಂದು ವರ್ಷ. ಮನೆಗೆ ಬರಬೇಕಾದ ಅಂಚೆ ಬರೋದು ನಿಂತುಹೋಗುತ್ತೆ. ಬಿಲ್ಲುಗಳು ಕಾಣೆಯಾಗ್ತವೆ. ಅಪ್ಪ ಅಮ್ಮನ ಹೆಸರಲ್ಲಿ ಯಾರೋ ಸಾಲ ಎತ್ತಿದ್ದಾರೆ ಅಂತ ತಿಳಿಯುತ್ತೆ. ಅಂಚೆ ಕಚೇರಿಯಲ್ಲಿ ಬೇರೆ ಪೆಟ್ಟಿಗೆ ತಗೋತಾರೆ, ಊರೊಳಗೆ ಮನೆ ಬದಲಾಯಿಸ್ತಾರೆ, ಆದ್ರೂ ಕಳ್ಳತನ ಹಿಂದೇನೇ ಬರುತ್ತೆ. ಹತ್ತಿರದವರು ಯಾರೋ ಮಾಡ್ತಿರಬೇಕು ಅನ್ನೋ ಅನುಮಾನ ಬೆಳೆದು ನೆಂಟರು, ನೆರೆಹೊರೆ, ಸ್ನೇಹಿತರು ಒಬ್ಬೊಬ್ಬರಾಗಿ ದೂರವಾಗ್ತಾರೆ. 2001ರಲ್ಲಿ ಈ ಹುಡುಗಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದುವಾಗ ಬಾಡಿಗೆ ಮನೆಗೆ ಕರೆಂಟ್ ತಗೊಳ್ಳೋಕೆ ಹೋದ್ರೆ, ನಿನ್ನ ಕ್ರೆಡಿಟ್ ಸರಿ ಇಲ್ಲ, ಠೇವಣಿ ಕಟ್ಟು ಅಂತಾರೆ. ವರದಿ ತರಿಸಿದ್ರೆ ಹತ್ತು ಪುಟ. ಸ್ಕೋರ್ 380. ಜೀವನದಲ್ಲಿ ಒಂದೂ ಸಾಲ ಮಾಡದ ಹತ್ತೊಂಬತ್ತರ ಹುಡುಗಿ ದೇಶದ ಅತಿ ಕೆಟ್ಟ ಸಾಲಗಾರರ ಸಾಲಿನಲ್ಲಿ.

ಮುಂದೆ ಅವರು ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡ್ತಾರೆ, ಪ್ರಾಧ್ಯಾಪಕಿ ಆಗ್ತಾರೆ. 2013ರಲ್ಲಿ ತಾಯಿ ಪ್ಯಾಮ್ ರಕ್ತದ ಕ್ಯಾನ್ಸರಿನಿಂದ ತೀರಿಕೊಳ್ತಾರೆ. ಕೆಲವೇ ದಿನಗಳಲ್ಲಿ ಅಪ್ಪನ ಫೋನ್ ಬರುತ್ತೆ. ತಾಯಿಯ ಪೆಟ್ಟಿಗೆಯೊಂದರಲ್ಲಿ ಮಗಳ ಹೆಸರಿನ, 2001ರ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ಸಿಕ್ಕಿದೆ. ಗಂಡ, ಮಗಳು, ಸ್ವಂತ ತಂದೆ, ಮೂವರ ಗುರುತನ್ನೂ ಆಕೆಯೇ ಕದ್ದಿದ್ದು.

ಪ್ರಕಾಶಕರು ಇದನ್ನ ರಹಸ್ಯಕಥೆ ಅಂತ ಮಾರಿದ್ದಾರೆ, ಉಪಶೀರ್ಷಿಕೆಯಲ್ಲೇ ಆ ಪದ ಇದೆ. ಆದರೆ ಓದುಗರಿಗೆ ಐವತ್ತನೇ ಪುಟದ ಹೊತ್ತಿಗೆ ಅನುಮಾನ ಬಂದೇ ಬರುತ್ತೆ. ಮನೆಯ ಹಣಕಾಸೆಲ್ಲ ನೋಡಿಕೊಳ್ತಿದ್ದೋರು ಒಬ್ಬರೇ. ನನಗೆ ಇದು ಪುಸ್ತಕದ ಸೋಲು ಅನ್ನಿಸಲಿಲ್ಲ. ನಮಗೆ ಗೊತ್ತಾಗಿದ್ದು ಆ ಮನೆಯೊಳಗಿದ್ದ ಇಬ್ಬರಿಗೆ ಇಪ್ಪತ್ತು ವರ್ಷ ಯಾಕೆ ಗೊತ್ತಾಗ್ಲಿಲ್ಲ? ಪುಸ್ತಕದ ಮೊದಲರ್ಧ ಈ ಪ್ರಶ್ನೆಗೆ ಕೊಡೋ ಉತ್ತರ ಅದ್ಭುತವಾಗಿದೆ. ಅಲ್ಲಿ ವಾದ ಇಲ್ಲ, ಬರೀ ವಿವರ ಇದೆ. ಕಾಣದ ಕಳ್ಳನ ಭಯದಲ್ಲಿ ಮುಚ್ಚಿದ ಮನೆ. ಯಾರನ್ನೂ ನಂಬದೆ ಬೆಳೆಯುವ ಮಗು. ಎಚ್ಚರವಾಗಿರು ಅಂತ ಹೇಳಿಕೊಟ್ಟಿದ್ದು ಕದ್ದವಳೇ. ಹೊರಗಿನವರು ಯಾರೂ ಒಳಗೆ ಬರದಿದ್ರೆ 'ಇದು ಸರಿ ಇಲ್ಲವಲ್ಲ' ಅಂತ ಹೇಳೋರೂ ಇರಲ್ಲ. ಗುಟ್ಟು ಕಾಪಾಡುವುದೇ ಆ ಮನೆಯಲ್ಲಿ ಕಳ್ಳತನದ ಸಲಕರಣೆ ಆಗಿತ್ತು.

ಇಲ್ಲಿ ನನ್ನ ಉದ್ಯೋಗದ ಮಾತು ಸ್ವಲ್ಪ ಹೇಳಬೇಕು. ಕೆಲವು ವರ್ಷ ನಾನು ಸಾಲದ ಅರ್ಜಿಗಳಲ್ಲಿ ಮೋಸ ಹಿಡಿಯುವ ಮಾಡೆಲ್‌ಗಳ ಮೇಲೆ ಕೆಲಸ ಮಾಡಿದ್ದೀನಿ. ಮಾಡೆಲ್ ಹುಡುಕೋದು ಅಸಹಜವಾದದ್ದನ್ನ. ವಿಳಾಸ ಹೊಸದಾ, ಫೋನ್ ನಂಬರ್ ನಿನ್ನೆ ಮೊನ್ನೆಯದಾ, ಸಾಧನ ಹಿಂದೆ ಕಂಡಿದೆಯಾ, ಹೆಸರಿಗೂ ವಿಳಾಸಕ್ಕೂ ಹೊಂದುತ್ತಾ. ಅದೇ ವಿಳಾಸ, ಅದೇ ವೈಫೈ, ಅದೇ ಅಡ್ಡಹೆಸರು ಇದ್ದರೆ ಅಪಾಯದ ಅಂಕ ಇಳಿಯುತ್ತೆ. ಗುರುತು ಖಚಿತಪಡಿಸಲು ಕೇಳೋ ಪ್ರಶ್ನೆಗಳು (ಹಿಂದೆ ಯಾವ ಬೀದಿಯಲ್ಲಿದ್ರಿ, ತಾಯಿಯ ತವರಿನ ಹೆಸರೇನು) ಅಪರಿಚಿತನನ್ನ ತಡೆಯೋಕೆ ಮಾಡಿದವು, ತಾಯಿಯನ್ನಲ್ಲ. ನಾವು ಮೀಟಿಂಗಿನಲ್ಲಿ ಕೂತು 'ನಂಬಿಕೆಯ ಸೂಚಕ' ಅಂತ ಸ್ಲೈಡ್ ಮೇಲೆ ಬರೆದಿದ್ದೆಲ್ಲ ಪ್ಯಾಮ್ ಹತ್ರ ಇತ್ತು. ಪುಸ್ತಕ ಓದ್ತಾ ನನಗೆ ಸ್ವಲ್ಪ ನಾಚಿಕೆಯೂ ಆಯ್ತು.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಸುಲಭ. ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ಕೆಲವೇ ವಾರದಲ್ಲಿ ಸೋಶಿಯಲ್ ಸೆಕ್ಯುರಿಟಿ ನಂಬರ್ ಬರುತ್ತೆ, ಕ್ರೆಡಿಟ್ ಕಡತ ಮಾತ್ರ ಇರಲ್ಲ. ಯಾರಾದ್ರೂ ಆ ನಂಬರ್ ಹಾಕಿ ಮೊದಲ ಸಲ ಸಾಲ ಕೇಳಿದಾಗ ಕಡತ ಹುಟ್ಟಿಕೊಳ್ಳುತ್ತೆ, ಅರ್ಜಿಯಲ್ಲಿ ಬರೆದ ಹುಟ್ಟಿದ ದಿನವೇ ಕಡತಕ್ಕೂ ಹೋಗಬಹುದು. ಹದಿನೆಂಟು ತುಂಬುವ ತನಕ ಅದನ್ನ ತೆಗೆದು ನೋಡೋರಿಲ್ಲ.

ಪುಸ್ತಕದ ಮೇಲೆ ನನಗಿರುವ ನಿಜವಾದ ತಕರಾರು ದ್ವಿತೀಯಾರ್ಧದ ಬಗ್ಗೆ. ಸತ್ಯ ಹೊರಬಿದ್ದ ಮೇಲೆ ಲೇಖಕಿ ತಾಯಿಯ ಇನ್ನೊಂದು ಬದುಕನ್ನ ಅಗೆಯೋಕೆ ಶುರು ಮಾಡ್ತಾರೆ, ಆ ಮನಸ್ಸಿಗೆ ಒಂದು ಹೆಸರು, ಒಂದು ರೋಗಲಕ್ಷಣ ಹುಡುಕ್ತಾರೆ. ಮಗಳಾಗಿ ಅದು ಸಹಜ, ಅದನ್ನ ಪ್ರಶ್ನಿಸೋಕೆ ನಾನ್ಯಾರು? ಆದರೆ ಅದೇ ವೇಳೆಗೆ ಅವರೊಳಗಿನ ಸಂಶೋಧಕಿ ಮಾಯವಾಗ್ತಾರೆ. ಮಕ್ಕಳ ಗುರುತಿನ ಕಳ್ಳತನದ ಬಗ್ಗೆ ಆ ದೇಶದಲ್ಲಿ ಅವರಷ್ಟು ಆಳವಾಗಿ ಯೋಚಿಸಿದೋರು ಕಮ್ಮಿ, ಆದ್ರೂ ಇಂಥ ಬೇರೆ ಮನೆಗಳು ಹೇಗಿರ್ತವೆ ಅನ್ನೋದು ಪುಟಗಳಲ್ಲಿ ಬರೋದು ತೀರಾ ಸ್ವಲ್ಪ. ಉಳಿಯೋದು ಒಬ್ಬ ವಿಚಿತ್ರ, ಬಗೆಹರಿಯದ ಹೆಂಗಸು. ಪುಸ್ತಕ ಮುಚ್ಚಿಟ್ಟು ನಾವು ನಿರಾಳವಾಗ್ತೀವಿ: ನಮ್ಮಮ್ಮ ಹಾಗಲ್ಲಪ್ಪ.

ಹೌದು, ನಿಮ್ಮಮ್ಮ ಹಾಗಿರಲ್ಲ. ಮನೆಯೊಳಗಿನ ಗುರುತಿನ ಕಳ್ಳತನಕ್ಕೆ ಅಷ್ಟು ವಿಚಿತ್ರ ಮನಸ್ಸು ಬೇಕಾಗಿಯೂ ಇಲ್ಲ. ಬಿಲ್ ಕಟ್ಟದೆ ಕರೆಂಟ್ ಕಿತ್ತುಹಾಕಿದ ಮನೆಯಲ್ಲಿ ಮಗುವಿನ ಹೆಸರಲ್ಲಿ ಹೊಸ ಕನೆಕ್ಷನ್ ತಗೊಳ್ಳೋ ಅಪ್ಪ ಸಾಕು. ತಂಗಿಯ ಹೆಸರಲ್ಲಿ ಕಾರ್ಡ್ ಮಾಡಿಸಿ, ಮುಂದಿನ ತಿಂಗಳು ತೀರಿಸ್ತೀನಿ ಅಂದುಕೊಳ್ಳೋ ಅಣ್ಣ ಸಾಕು. ಹೆಂಡತಿಯ ಸಹಿ ತಾನೇ ಹಾಕೋ ಗಂಡ. ಈ ಕೊನೆಯದಕ್ಕೆ ಅಮೆರಿಕದ ಕಾನೂನು ವಲಯದಲ್ಲಿ ಒಂದು ಪದವೇ ಇದೆ, ಬಲವಂತದ ಸಾಲ ಅಂತ. ಕ್ಯಾಲಿಫೋರ್ನಿಯಾ 2022ರಲ್ಲಿ ಇದಕ್ಕಾಗಿಯೇ ಕಾನೂನು ಮಾಡಿತು. ಎಚ್-4 ವೀಸಾದಲ್ಲಿ ಬಂದು, ಬ್ಯಾಂಕಿನ ಪಾಸ್‌ವರ್ಡ್ ಎಲ್ಲಾ 'ಅವರ ಹತ್ರಾನೇ ಇರುತ್ತೆ' ಅನ್ನೋ ಗೆಳತಿಯರು ನಿಮಗೂ ಇರಬಹುದು. ಅವರಲ್ಲಿ ಹೆಚ್ಚಿನವರ ಗಂಡಂದಿರು ಒಳ್ಳೆಯವರೇ. ನಾನು ಹೇಳ್ತಿರೋದು ಪಾಸ್‌ವರ್ಡಿನ ವಿಷಯ.

ನಂದೂ ಒಂದಿದೆ. ಪುಸ್ತಕ ಓದಿ ಮುಗಿಸಿದ ವಾರ ಸುಮ್ಮನೆ ಕುತೂಹಲಕ್ಕೆ ಭಾರತದ ನನ್ನ ಸಿಬಿಲ್ ವರದಿ ತೆಗೆದೆ. ನಾನು ಊರು ಬಿಟ್ಟ ಎರಡು ವರ್ಷಕ್ಕೆ ನನ್ನ ಪಾನ್ ನಂಬರಿನ ಮೇಲೆ ಒಂದು ಸಾಲ, ಫ್ರಿಜ್ಜೋ ಟೀವಿಯೋ ಕೊಳ್ಳೋಕೆ ತಗೊಳ್ಳೋ ಥರದ್ದು. ದೊಡ್ಡ ಮೊತ್ತ ಅಲ್ಲ. ಮೂರು ಕಂತು ತಡ, ಆಮೇಲೆ ಪೂರ್ತಿ ತೀರಿದೆ. ಆ ವರದಿಯಲ್ಲಿ ಅರ್ಜಿದಾರರ ಫೋನ್ ನಂಬರ್ ಕೂಡ ಇರುತ್ತೆ. ನನ್ನ ಹೆಸರಿನ ಕೆಳಗೆ ಇದ್ದ ನಂಬರ್ ನನಗೆ ಬಾಯಿಪಾಠ, ಚಿಕ್ಕಪ್ಪನದು. ಅಪ್ಪ ಹೋದಾಗ ಮರಣ ಪ್ರಮಾಣಪತ್ರ, ತಾಲ್ಲೂಕು ಕಚೇರಿ, ಬ್ಯಾಂಕು ಅಂತ ಆರು ತಿಂಗಳು ಓಡಾಡಿದ್ದು ಅವರೇ. ಸಹಿ ಮಾಡಿದ ಪಾನ್ ಪ್ರತಿ ಹತ್ತಿಪ್ಪತ್ತು ಅವರ ಕೈಗೆ ಕೊಟ್ಟು ನಾನು ವಿಮಾನ ಹತ್ತಿದ್ದೆ.

ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ ಇನ್ನೊಬ್ಬರ ಗುರುತನ್ನ ಮೋಸದಿಂದ ಬಳಸಿದ್ರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ನಾನು ದೂರು ಕೊಡ್ಲಿಲ್ಲ. ಕೇಳ್ಲೂ ಇಲ್ಲ. ಹಾಗಾಗಿ ಆಕ್ಸ್ಟನ್ ಅವರ ಪುಸ್ತಕದಲ್ಲಿ ನಾನು ಹುಡುಕಿದ್ದು ತಾಯಿಯ ಮನಸ್ಸಲ್ಲ, ಈ ಸಣ್ಣ ಸಾಲದ ಮನೆಗಳು ಏನು ಮಾಡ್ತವೆ ಅನ್ನೋದು. ಸಿಗಲಿಲ್ಲ.

ಅಮೆರಿಕದಲ್ಲಿ ಈ ಪೇಚು ಕಾನೂನಿನ ಒಳಗೇ ಕೂತಿದೆ. ಮೋಸದ ಸಾಲವನ್ನ ವರದಿಯಿಂದ ತೆಗೆಸೋಕೆ ಕೇಂದ್ರ ವ್ಯಾಪಾರ ಆಯೋಗ, ಅಂದ್ರೆ ಎಫ್‌ಟಿಸಿ ನಡೆಸುವ ಐಡೆಂಟಿಟಿಥೆಫ್ಟ್ ಡಾಟ್ ಗವ್ ತಾಣದಲ್ಲಿ ಹೇಳಿಕೆ ಕೊಡಬೇಕು. ಅದರ ಜೊತೆಗೆ ಬೇಕಾದ ದಾಖಲೆ ಸೇರಿಸಿ ಕೊಟ್ಟರೆ ಕ್ರೆಡಿಟ್ ಸಂಸ್ಥೆಗಳು ನಾಲ್ಕು ಕೆಲಸದ ದಿನದೊಳಗೆ ಆ ಸಾಲವನ್ನ ವರದಿಯಲ್ಲಿ ತಡೆಹಿಡಿಯಬೇಕು. ಒಳ್ಳೇ ನಿಯಮ. ಆದರೆ ಹೇಳಿಕೆಯಲ್ಲಿ ಮಾಡಿದ್ದು ಯಾರು ಅಂತ ಗೊತ್ತಿದ್ರೆ ಬರೀರಿ ಅನ್ನೋ ಜಾಗ ಇರುತ್ತೆ, ಕೆಲವು ಸಾಲ ಕೊಟ್ಟವರು ಪೊಲೀಸ್ ದೂರಿನ ಪ್ರತಿಯನ್ನೂ ಕೇಳ್ತಾರೆ. ಸುಳ್ಳು ಬರೆದ್ರೆ ಅದೂ ಅಪರಾಧ. ಅಮ್ಮನ ಹೆಸರು ಬರೆಯೋದಾ, ಸಾಲ ತೀರಿಸೋದಾ? ತೀರಿಸೋರು ತುಂಬ ಜನ ಅಂತ ಊಹಿಸೋಕೆ ಡೇಟಾ ಬೇಕಾಗಿಲ್ಲ.

ಮುಂಜಾಗ್ರತೆಯ ವ್ಯವಸ್ಥೆಯೂ ಅಷ್ಟೇ. 2018ರಿಂದ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ಕ್ರೆಡಿಟ್ ಫ್ರೀಜ್ ಮಾಡೋದು ಉಚಿತ. ಹದಿನಾರರ ಕೆಳಗಿನ ಮಗುವಿನ ಪರವಾಗಿ ಪೋಷಕರು ಮಾಡಿಸಬಹುದು, ಕಡತ ಇಲ್ಲದಿದ್ರೆ ಫ್ರೀಜ್ ಮಾಡೋಕೆ ಅಂತಲೇ ಒಂದು ದಾಖಲೆ ಸೃಷ್ಟಿಸ್ತಾರೆ. ಮಾಡಿಸಿ, ದಯವಿಟ್ಟು ಮಾಡಿಸಿ, ಅಂಚೆಯಲ್ಲಿ ಜನನ ಪ್ರಮಾಣಪತ್ರದ ಪ್ರತಿ ಕಳಿಸೋ ತಲೆನೋವು ಒಂದು ಮಧ್ಯಾಹ್ನದ್ದು. ಆದ್ರೆ ಗಮನಿಸಿದ್ರಾ, ಬೀಗ ಹಾಕೋ ಅಧಿಕಾರ ಇರೋದು ಯಾರಿಗೆ? ಪ್ಯಾಮ್‌ಗೆ. ಕಾನೂನಿಗೆ ಪೋಷಕ ಅಂದ್ರೆ ಕಾವಲುಗಾರ. ಒಂದೇ ಒಂದು ಕಡೆ ಸರಕಾರ ಬೇರೆ ಥರ ಯೋಚಿಸಿದೆ. ತನ್ನ ಸುಪರ್ದಿಗೆ ತಗೊಂಡ, ಫಾಸ್ಟರ್ ಕೇರ್‌ನಲ್ಲಿರುವ ಹದಿನಾಲ್ಕು ದಾಟಿದ ಮಕ್ಕಳ ಕ್ರೆಡಿಟ್ ವರದಿಯನ್ನ ಪ್ರತಿ ವರ್ಷ ತೆಗೆದು ನೋಡಬೇಕು ಅನ್ನೋ ನಿಯಮ ಇದೆ. ಅಪ್ಪ ಅಮ್ಮನ ಜೊತೆ ಇರೋ ಮಕ್ಕಳಿಗೆ ಅಂಥದ್ದಿಲ್ಲ. ಪುಸ್ತಕದಲ್ಲಿ ಇದರ ಬಗ್ಗೆ ಒಂದು ಅಧ್ಯಾಯ ಇರಬೇಕಿತ್ತು, ಬರೆಯೋಕೆ ಅರ್ಹತೆ ಇದ್ದೋರು ಅವರೇ.

ದೊಡ್ಡವರಿಗಾದ್ರೆ ಕೆಲಸ ಸುಲಭ. ಆನ್ಯುಅಲ್‌ಕ್ರೆಡಿಟ್‌ರಿಪೋರ್ಟ್ ಡಾಟ್ ಕಾಮ್‌ನಲ್ಲಿ ಮೂರೂ ವರದಿ ಈಗ ವಾರಕ್ಕೊಮ್ಮೆ ಉಚಿತವಾಗಿ ಸಿಗ್ತವೆ. ಫ್ರೀಜ್ ಮಾಡಿಟ್ಟು, ಸಾಲ ಬೇಕಾದಾಗ ಮಾತ್ರ ತೆಗೀರಿ. ಆದಾಯ ತೆರಿಗೆಯವರ ಹತ್ರ ಐಪಿ ಪಿನ್ ತಗೊಂಡ್ರೆ ನಿಮ್ಮ ಹೆಸರಲ್ಲಿ ಇನ್ನೊಬ್ಬರು ಆನ್‌ಲೈನಿನಲ್ಲಿ ರಿಟರ್ನ್ ಹಾಕೋಕೆ ಆಗಲ್ಲ. ಊರಲ್ಲಿ ಪಾನ್ ಇಟ್ಟುಕೊಂಡಿರೋರು ಸಿಬಿಲ್ ಮತ್ತೆ ಉಳಿದ ಸಂಸ್ಥೆಗಳಿಂದ ವರ್ಷಕ್ಕೊಂದು ಉಚಿತ ವರದಿ ತೆಗೀರಿ, ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ. ಪ್ರತಿ ಕೊಡಲೇಬೇಕಾದಾಗ ಅದರ ಮೇಲೆ ಅಡ್ಡಕ್ಕೆ 'ಇಂಥ ಕೆಲಸಕ್ಕೆ ಮಾತ್ರ' ಅಂತ ತಾರೀಕು ಸಮೇತ ಬರೀರಿ. ಇವೆಲ್ಲ ನಿಮಗೆ ಮೊದಲೇ ಗೊತ್ತಿತ್ತು, ನನಗೂ ಗೊತ್ತಿತ್ತು. ಚಿಕ್ಕಪ್ಪನ ಮುಂದೆ ಪೆನ್ ತೆಗೆದು ಅಡ್ಡಕ್ಕೆ ಬರೆಯೋದು ಹೇಗೆ ಅಂತ ಮಾತ್ರ ಯಾವ ಜಾಲತಾಣವೂ ಹೇಳಿಕೊಡಲ್ಲ.

ಪುಸ್ತಕ ಓದಿ. ಮೊದಲರ್ಧಕ್ಕಾಗಿ ಓದಿ. ಅಷ್ಟು ನಿರುದ್ವೇಗವಾಗಿ, ಅಳು ಇಲ್ಲದೆ, ಒಂದು ಮನೆ ತಾನೇ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳೋದನ್ನ ತೋರಿಸಿದ ಬರಹ ನಾನು ಈಚೆಗೆ ಓದಿಲ್ಲ. ಮಗಳಿಗೆ ತಾಯಿಯನ್ನ ಕೇಳೋ ಅವಕಾಶವೇ ಸಿಗಲಿಲ್ಲ. ಸಿಕ್ಕಿದ್ರೆ ಕೇಳ್ತಿದ್ರಾ ಅನ್ನೋದು ಓದಿ ಮುಗಿದ ಮೇಲೂ ನನ್ನ ಜೊತೆ ಉಳಿಯಿತು.

ಮೊನ್ನೆ ಭಾನುವಾರ ಚಿಕ್ಕಪ್ಪ ಫೋನ್ ಮಾಡಿದ್ರು. ಪೌತಿ ಖಾತೆ ಕೆಲಸ ಇನ್ನೂ ಮುಗಿದಿಲ್ಲ, ವಂಶವೃಕ್ಷದ ಜೊತೆ ಕೊಡಬೇಕು, "ನಿನ್ನ ಆಧಾರ್ ಪಾನ್ ಎರಡೂ ಒಂದ್ಸಲ ವಾಟ್ಸ್ಯಾಪ್ ಮಾಡ್ಬಿಡು ಪುಟ್ಟಿ" ಅಂದ್ರು. ನನ್ನ ಧ್ವನಿ ನನಗೇ ಬೇರೆ ಥರ ಕೇಳಿಸ್ತು. "ಖಾತೆಗೆ ಪಾನ್ ಯಾಕೆ ಚಿಕ್ಕಪ್ಪ?" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೌದಲ್ವಾ, ಆಧಾರ್ ಒಂದೇ ಸಾಕು ಬಿಡು" ಅಂದು, ಅಲ್ಲಿ ಚಳಿ ಹೇಗಿದೆ ಅಂತ ಕೇಳಿದ್ರು.